ಗ್ರೂಪಲ್ಲಿ ಡೂಪು ನಾವಾ?

ಉಡುಮಲೈಪೇಟೆ ಕಡೆಯ ನಮ್ಮ ವಯಸ್ಸಿನ ಹುಡುಗ್ರನ್ನ ಕೇಳಿ ನೋಡಿ. ಚಿಕ್ಕವರಿದ್ದಾಗ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಕ್ಕ ಟಿವಿ ಕಾರ್ಯಕ್ರಮ ಯಾವುದು ಅಂದ್ರೆ ಬಹಳ ಜನ ‘ಅದು ಇದು ಎದು’ ಅಂತಾರೆ. ವಿಜಯ್ ಟಿವಿಯಲ್ಲಿ 2009ರಲ್ಲಿ ಶುರುವಾದ ಆಟ. ಶಿವಕಾರ್ತಿಕೇಯನ್ ಅದರ ನಿರೂಪಕ, ಆಗಿನ್ನೂ ಅವರು ಸಿನಿಮಾ ಹೀರೋ ಆಗಿರಲಿಲ್ಲ. ಸಿನಿಮಾದವರು, ಸೀರಿಯಲ್‌ನವರು ಅತಿಥಿಗಳಾಗಿ ಬಂದು ಕೂರ್ತಾರೆ, ಅವರ ಮುಂದೆ ಮಾಮೂಲಿ ಜನ, ಮಿಮಿಕ್ರಿ ಕಲಾವಿದರು ಬಂದು ನಿಲ್ತಾರೆ. ನಮ್ಮನೇಲಿ ಆ ಹೊತ್ತಿಗೆ ಮಗ್ಗದ ಸದ್ದು ನಿಲ್ತಿತ್ತು.

ಆ ಹೆಸರನ್ನೇ ಒಂದ್ಸಲ ನೋಡಿ. ಅದು, ಇದು. ಈ ಎರಡು ಮಾತು ತಮಿಳಿಗೆ ಎಷ್ಟು ಸೇರಿದ್ದೋ ಕನ್ನಡಕ್ಕೂ ಅಷ್ಟೇ ಸೇರಿದ್ದು. ಯಾರೂ ಯಾರಿಂದಲೂ ಸಾಲ ತಂದಿದ್ದಲ್ಲ. ಮೂರನೇ ಮಾತಿಗೆ ಬಂದಾಗ ದಾರಿ ಕವಲಾಗುತ್ತೆ. ಅವರು ‘ಎದು’ ಅಂತಾರೆ, ನಾವು ‘ಯಾವುದು’ ಅಂತೀವಿ. ನಮ್ಮ ಅಜ್ಜಿ ಆ ಹೆಸರನ್ನ ಒಂದು ದಿನವೂ ಟಿವಿಯವರು ಹೇಳಿದ ಹಾಗೆ ಹೇಳಲಿಲ್ಲ. ‘ಅದು ಇದು ಯಾವ್ದು ಹಾಕ್ರೋ’ ಅನ್ನೋರು. ನಾವು ಮಕ್ಕಳು ಬಿದ್ದು ಬಿದ್ದು ನಗ್ತಿದ್ವಿ. ಈಗ ಅನ್ಸುತ್ತೆ, ಆ ಕಾರ್ಯಕ್ರಮವನ್ನ ನಮ್ಮನೇಲಿ ಕನ್ನಡಕ್ಕೆ ತಂದಿದ್ದು ಅವರೊಬ್ಬರೇ.

ಆಟದಲ್ಲಿ ಮೂರು ಸುತ್ತು. ಮೊದಲನೇದು ‘ಗ್ರೂಪ್‌ಲ ಡೂಪ್’. ಮೂವರು ಬಂದು ಸಾಲಾಗಿ ನಿಲ್ತಾರೆ, ಅವರಲ್ಲಿ ಅಸಲಿ ಯಾರು, ನಕಲಿ ಯಾರು ಅಂತ ಸೆಲೆಬ್ರಿಟಿಗಳು ಪ್ರಶ್ನೆ ಕೇಳಿ ಪತ್ತೆ ಮಾಡಬೇಕು. ಎರಡನೇದು ‘ಸಿರಿಚ್ಚಾ ಪೋಚ್ಚು’, ಅಂದ್ರೆ ನಕ್ಕರೆ ಹೋಯ್ತು. ಎದುರಿಗೆ ಕಾಮಿಡಿ ನಡೀತಾ ಇರುತ್ತೆ, ನಗಬಾರದು. ಮೂರನೇದು ‘ಮಾತ್ತಿ ಯೋಸಿ’, ಅಂದ್ರೆ ಬದಲಿಸಿ ಯೋಚಿಸು. ನಿರೂಪಕ ಪಟಪಟ ಪ್ರಶ್ನೆ ಕೇಳ್ತಾನೆ, ತಪ್ಪು ಉತ್ತರವನ್ನೇ ಕೊಡಬೇಕು. ಬಾಯಿ ತಪ್ಪಿ ಸರಿಯುತ್ತರ ಹೇಳಿದ್ರೋ, ಔಟ್.

ನಾನಿದನ್ನೆಲ್ಲ ಈಗ ಯಾಕೆ ನೆನಪು ಮಾಡ್ಕೊಳ್ತಾ ಇದೀನಿ ಅಂದ್ರೆ, ಈ ಮೂರು ಸುತ್ತನ್ನೂ ನಾವು ಟಿವಿ ಹೊರಗೆ ಆಡ್ತಾನೇ ಇದೀವಿ. ಒಂದರಲ್ಲೂ ಗೆದ್ದ ನೆನಪಿಲ್ಲ.

ಮೊದಲ ಸುತ್ತಿನಿಂದ ಹೇಳ್ತೀನಿ. ಅದು ವಿಜಯ್ ಟಿವಿಯವರೇ ಕಂಡು ಹಿಡಿದ ಆಟ ಏನಲ್ಲ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1956ರ ಡಿಸೆಂಬರ್‌ನಲ್ಲಿ ‘ಟು ಟೆಲ್ ದ ಟ್ರುತ್’ ಅನ್ನೋ ಕಾರ್ಯಕ್ರಮ ಶುರುವಾಯ್ತು. ನಿಜ ಹೇಳೋದು ಅಂತ ಅರ್ಥ. ಮೂವರು ಬಂದು ಮೂವರೂ ಒಂದೇ ಹೆಸರು ಹೇಳ್ತಾರೆ. ಆ ಹೆಸರಿನ ನಿಜವಾದ ಮನುಷ್ಯನ ಬಗ್ಗೆ ಒಂದು ಪ್ರಮಾಣ ಪತ್ರ ಓದ್ತಾರೆ, ಅವನು ಏನು ಕೆಲಸ ಮಾಡ್ದ, ಏನು ಸಾಧಿಸ್ದ ಅಂತ. ನಾಲ್ಕು ಜನ ಸೆಲೆಬ್ರಿಟಿಗಳ ಮಂಡಲಿ ಒಬ್ಬೊಬ್ಬರಾಗಿ ಪ್ರಶ್ನೆ ಕೇಳುತ್ತೆ. ನಕಲಿ ಇಬ್ಬರು ಏನು ಸುಳ್ಳು ಬೇಕಾದ್ರೂ ಹೇಳಬಹುದು, ಅಸಲಿ ಮಾತ್ರ ನಿಜವನ್ನೇ ಹೇಳಬೇಕು. ಕೊನೆಗೆ ಮಂಡಲಿ ಓಟು ಹಾಕುತ್ತೆ. ಆಮೇಲೆ ನಿರೂಪಕ ಒಂದು ಮಾತು ಹೇಳ್ತಾನೆ: ನಿಜವಾದ ಇಂಥವರು ದಯವಿಟ್ಟು ಎದ್ದು ನಿಲ್ಲಿ. ಆ ಮಾತು ಎಷ್ಟು ಹೆಸರುವಾಸಿ ಆಯ್ತು ಅಂದ್ರೆ ಇಂಗ್ಲಿಷ್ ಮಾತಾಡೋ ದೇಶಗಳಲ್ಲಿ ಅದೊಂದು ಗಾದೆ ಥರ ಆಗಿದೆ.

ಈ ಆಟದ ಒಳಗುಟ್ಟು ಏನು ಗೊತ್ತಾ? ನಕಲಿಗಳೇ ಹೆಚ್ಚು ಸಲೀಸಾಗಿ ಉತ್ತರ ಕೊಡ್ತಾರೆ, ಅವರು ಆ ಪಾತ್ರಕ್ಕೆ ತಯಾರಾಗಿ ಬಂದಿರ್ತಾರೆ. ಅಸಲಿ ಮನುಷ್ಯ ತಡವರಿಸ್ತಾನೆ. ತನ್ನ ಬದುಕಿನ ಬಗ್ಗೆ ಯಾರಾದ್ರೂ ಪರೀಕ್ಷೆಗೆ ಓದ್ಕೊಂಡು ಬರ್ತಾರಾ? ಹಾಗಾಗಿ ಮಂಡಲಿ ಎಷ್ಟೋ ಸಲ ಸಲೀಸು ಬಾಯಿಗೆ ಮರುಳಾಗಿ ನಕಲಿಗೇ ಓಟು ಹಾಕುತ್ತೆ. ಮಂಡಲಿ ತಪ್ಪಿದಷ್ಟೂ ನಿಂತವರಿಗೆ ದುಡ್ಡು. ಅಲ್ಲಿ ಅದು ಚಂದ, ತಪ್ಪಾಗಿ ಗುರುತಿಸಿದ್ದಕ್ಕೆ ಬಹುಮಾನ ಸಿಗುತ್ತೆ. ನಮಗೆ ಸಿಗೋದು ಬೇರೆ.

ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ಮೊದಲ ವಾರ, ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್ ಕೇಳಿದೆ. ಕನ್ನಡದಲ್ಲೇ ಕೇಳಿದೆ, ಮನೇಲಿ ಆಡೋ ಕನ್ನಡದಲ್ಲಿ. ಅಂಗಡಿಯವರು ತುಂಬಾ ಪ್ರೀತಿಯಿಂದ ತಮಿಳಲ್ಲಿ ಉತ್ತರ ಕೊಟ್ರು. ನಾನು ಮತ್ತೆ ಕನ್ನಡದಲ್ಲಿ, ಅವರು ಮತ್ತೆ ತಮಿಳಲ್ಲಿ. ಕೊನೆಗೆ ‘ಪರವಾಗಿಲ್ಲ ಕಣಪ್ಪ, ಕನ್ನಡ ಕಲೀತಾ ಇದೀಯಲ್ಲ, ಒಳ್ಳೇದು’ ಅಂದ್ರು. ಒಳ್ಳೇ ಮನಸ್ಸಿನಿಂದ ಅಂದಿದ್ದು. ನನಗೆ ಮಾತ್ರ ಪ್ಯಾಕೆಟ್ ಹಿಡ್ಕೊಂಡು ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯ್ತು. ನಮ್ಮಪ್ಪ, ಅವರಪ್ಪ, ಅವರಪ್ಪ ಆಡಿದ ಮಾತನ್ನ ನಾನು ಕಲೀತಾ ಇದೀನಂತೆ.

ಊರಿಗೆ ಬಂದ್ರೆ ಉಲ್ಟಾ. ‘ನೀಂಗ ಕನ್ನಡಕ್ಕಾರಂಗಳಾ? ತಮಿಳ್ ಸೂಪರಾ ಪೇಸರೀಂಗಳೇ’ ಅಂತಾರೆ. ಹುಟ್ಟಿ ಬೆಳೆದು, ಶಾಲೆ ಕಲಿತು, ಓಟು ಹಾಕೋ ಊರಲ್ಲಿ ನಿನ್ನ ತಮಿಳು ಚೆನ್ನಾಗಿದೆ ಅಂತ ಸರ್ಟಿಫಿಕೇಟು. ಎರಡು ಕಡೆ ಎರಡು ಮಂಡಲಿ, ಎರಡರಲ್ಲೂ ಡೂಪು ನಾವೇ.

ಮಾಮೂಲಿ ದಿನದಲ್ಲಿ ಇದು ತಮಾಷೆ. ಆದ್ರೆ 2016ರ ಸೆಪ್ಟೆಂಬರ್ ನೆನಪಿದೆಯಲ್ಲ? ಕಾವೇರಿ ತೀರ್ಪು ಬಂತು, 12ನೇ ತಾರೀಖು ಬೆಂಗಳೂರಲ್ಲಿ ತಮಿಳುನಾಡು ನಂಬರಿನ ಬಸ್ಸುಗಳು ಸಾಲಾಗಿ ಉರಿದ್ವು. ಈ ಕಡೆ ಚೆನ್ನೈ, ರಾಮೇಶ್ವರದಲ್ಲಿ ಕನ್ನಡಿಗರ ಮೇಲೆ ಕೈ ಮಾಡಿದ್ರು. ಆವತ್ತು ನಮ್ಮ ಮನೆಗಳಲ್ಲಿ ಏನಾಯ್ತು ಅನ್ನೋದು ಯಾವ ಚಾನೆಲ್‌ನಲ್ಲೂ ಬರಲಿಲ್ಲ. ಬೆಂಗಳೂರಲ್ಲಿದ್ದ ಮಕ್ಕಳಿಗೆ ಫೋನ್ ಮಾಡಿ ‘ಹೊರಗೆ ತಮಿಳು ಮಾತಾಡಬೇಡ’ ಅಂದ್ರು. ಫೋನ್ ಇಟ್ಟು ಪಕ್ಕದಲ್ಲಿದ್ದ ಮಕ್ಕಳಿಗೆ ‘ಬಸ್ಸಲ್ಲಿ ಕನ್ನಡ ಮಾತಾಡಬೇಡ’ ಅಂದ್ರು. ಅದೇ ತಾಯಿ, ಅದೇ ಐದು ನಿಮಿಷದಲ್ಲಿ.

ಇದಕ್ಕೂ ಹಳೇದು ಇನ್ನೊಂದು ಆಟ ಇತ್ತು ಅಮೆರಿಕದಲ್ಲಿ, 1950ರಲ್ಲಿ ಶುರುವಾದ ‘ವಾಟ್ಸ್ ಮೈ ಲೈನ್’. ಅದರಲ್ಲಿ ಹೆಸರಾಂತ ಅತಿಥಿ ಬಂದಾಗ ಮಂಡಲಿಯವರ ಕಣ್ಣಿಗೆ ಪಟ್ಟಿ ಕಟ್ತಿದ್ರು. ಅತಿಥಿ ತನ್ನ ದನಿ ಬದಲಿಸಿ, ಕೀರಲು ದನಿಯಲ್ಲೋ ಗಡಸು ದನಿಯಲ್ಲೋ ಉತ್ತರ ಕೊಡೋದು, ಯಾಕಂದ್ರೆ ನಿಜವಾದ ದನಿ ಬಾಯಿಬಿಟ್ಟ ತಕ್ಷಣ ಗುರುತು ಸಿಕ್ಕಿಬಿಡುತ್ತೆ. ಅವರು ಸ್ವಲ್ಪ ಹೊತ್ತು ಮಾಡ್ತಿದ್ದ ಕೆಲಸವನ್ನ ನಮ್ಮವರು ಒಂದು ತಲೆಮಾರು ಪೂರ್ತಿ ಮಾಡಿದಾರೆ.

ಸರಿ, ಅಸಲಿ ಕನ್ನಡ ಅಂದ್ರೆ ಯಾವುದು? ನಮ್ಮದರಲ್ಲಿ ತಮಿಳು ಬೆರೆತಿದೆ, ಒಪ್ತೀನಿ. ಬೆಂಗಳೂರಿನ ಚಾನೆಲ್‌ಗಳ ರಿಯಾಲಿಟಿ ಶೋ ಹಾಕಿ ನೋಡಿ. ಜಡ್ಜ್ ಸೀಟಿನಲ್ಲಿ ಕೂತವರು ‘ನಿಮ್ಮ ಪರ್ಫಾರ್ಮೆನ್ಸ್ ಔಟ್‌ಸ್ಟ್ಯಾಂಡಿಂಗ್ ಆಗಿತ್ತು, ಎನರ್ಜಿ ಲೆವೆಲ್ ನೆಕ್ಸ್ಟ್ ಲೆವೆಲ್’ ಅಂತಾರೆ. ‘ನಿಮ್ಮ’, ‘ಆಗಿತ್ತು’ ಬಿಟ್ರೆ ಕನ್ನಡ ಹುಡುಕಬೇಕು. ಅವರನ್ನ ಯಾರೂ ಕನ್ನಡ ಕಲೀತಾ ಇದೀರಾ ಅಂತ ಕೇಳಲ್ಲ. ಇಂಗ್ಲಿಷ್ ಬೆರೆಸಿದ್ರೆ ಸ್ಟೈಲು, ತಮಿಳು ಬೆರೆತ್ರೆ ಡೂಪು. ಎಲ್ಲರೂ ಹಾಗಿದ್ರು ಅಂತ ಹೇಳ್ತಿಲ್ಲ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ಗೊತ್ತು, ಎಸ್. ಪಿ. ಬಾಲಸುಬ್ರಹ್ಮಣ್ಯಂ ಆ ಸೀಟಿನಲ್ಲಿ ಕೂತು ಮಕ್ಕಳ ಉಚ್ಚಾರ ತಿದ್ದುತ್ತಿದ್ದರು. ತೆಲುಗು ಮನೆಮಾತಿನವರು, ಬದುಕಿದ್ದು ಚೆನ್ನೈಯಲ್ಲಿ, ತಿದ್ದಿದ್ದು ಕನ್ನಡ. ಚಂದನದಲ್ಲಿ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಿಂದ ನಡೀತಾ ಬಂದಿದೆ, ಸೆಲೆಬ್ರಿಟಿ ಮಂಡಲಿ ಇಲ್ಲ, ಕುಣಿತ ಇಲ್ಲ, ಸರಿಯುತ್ತರಕ್ಕೆ ಪುಸ್ತಕ ಕೊಡ್ತಾರೆ. ಅಂಥವೂ ಇವೆ. ಆದ್ರೆ ನಮ್ಮ ಕಡೆ ಮನೆಗಳಲ್ಲಿ ಚಾನೆಲ್ ಆರಿಸೋವಾಗ ಯಾವುದು ಉಳೀತು, ಯಾವುದು ಹೋಯ್ತು ಅಂತ ನಿಮ್ಮನಿಮ್ಮ ರಿಮೋಟು ನೋಡ್ಕೊಳ್ಳಿ. 2019ರಲ್ಲಿ ಟ್ರಾಯ್‌ನವರ ಹೊಸ ನಿಯಮ ಬಂದು, ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕಟ್ಟಿ ಅಂದಾಗ ನಮ್ಮನೇಲಿ ಮೊದಲು ತೆಗೆಸಿದ್ದು ಕನ್ನಡ ಚಾನೆಲ್‌ಗಳನ್ನೇ. ತೆಗೆಸಿದವನು ನಾನೇ. ಮೊಬೈಲಲ್ಲಿ ನೋಡ್ಕೊಂಡ್ರಾಯ್ತು ಅಂದೆ. ಅಜ್ಜಿಗೆ ಮೊಬೈಲು ನೋಡೋಕೆ ಬರಲ್ಲ ಅನ್ನೋದು ಆವತ್ತು ಹೊಳೀಲಿಲ್ಲ.

ಈಗ ಒಂದು ಮಾತು ತಗೊಳ್ಳಿ, ‘ಹಾಸುಹೊಕ್ಕು’. ಬೆಂಗಳೂರಿನ ಭಾಷಣಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತೆ. ಕನ್ನಡಿಗರ ಬದುಕಿನಲ್ಲಿ ಹಾಸುಹೊಕ್ಕಾಗಿದೆ, ಸಂಸ್ಕೃತಿಯಲ್ಲಿ ಹಾಸುಹೊಕ್ಕಾಗಿದೆ ಅಂತೆಲ್ಲ. ನನ್ನ ಆಫೀಸಿನಲ್ಲಿ ಪಕ್ಕದಲ್ಲಿ ಕೂರೋ ಅಚ್ಚ ಬೆಂಗಳೂರಿನ ಗೆಳೆಯನನ್ನ ಕೇಳಿದೆ, ಹಾಸು ಅಂದ್ರೇನು, ಹೊಕ್ಕು ಅಂದ್ರೇನು ಅಂತ. ‘ಮಿಕ್ಸ್ ಆಗೋದು’ ಅಂದ. ನಮ್ಮನೇಲಿ ಅದು ಗಾದೆಯೂ ಅಲ್ಲ ಅಲಂಕಾರವೂ ಅಲ್ಲ. ಹಾಸು ಅಂದ್ರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿರೋ ನೂಲು. ಹೊಕ್ಕು ಅಂದ್ರೆ ಲಾಳಿ ಹೊತ್ಕೊಂಡು ಅಡ್ಡಕ್ಕೆ ಓಡೋ ನೂಲು, ಹಾಸಿನ ಒಳಗೆ ಹೊಕ್ಕು ಬರೋದ್ರಿಂದ ಹೊಕ್ಕು. ತಮಿಳಿನವರು ಪಾವು, ಊಡೈ ಅಂತಾರೆ. ಬೀದಿಯಲ್ಲಿ ನಾವೂ ಹಾಗೇ ಅಂತೀವಿ, ಒಳಗೆ ಬಂದ್ರೆ ಹಾಸು, ಹೊಕ್ಕು. ಹಳಗನ್ನಡದಲ್ಲಿ ಹಾಸೋದನ್ನ ‘ಪಾಸು’ ಅಂತಿದ್ರು, ಪಾಲು ಹಾಲಾದ ಹಾಗೆ ಪಾಸು ಹಾಸಾಯ್ತು. ಪಾವು ಅನ್ನೋ ಬೀದಿಗೂ ಹಾಸು ಅನ್ನೋ ಮನೆಗೂ ನಡುವೆ ಇರೋದು ಆ ಒಂದು ‘ಹ’ಕಾರ, ಒಂದು ಬಾಗಿಲು. ಎಷ್ಟೋ ನೂರು ವರ್ಷ ಸುತ್ತ ‘ಪ’ ಕೇಳ್ತಾನೇ ಇದ್ದರೂ ನಮ್ಮ ಅಜ್ಜಿಯರ ಬಾಯಲ್ಲಿ ‘ಹ’ ಉಳಿದಿದೆ. ಇದಕ್ಕಿಂತ ದೊಡ್ಡ ಪ್ರಮಾಣ ಪತ್ರ ಯಾವುದು ಬೇಕು?

ನಾವು ನಿಜವಾಗಿ ಗಡಿಯವರೂ ಅಲ್ಲ ನೋಡಿ. ಉಡುಮಲೈಯಿಂದ ಹತ್ತಿರದ ಗಡಿ ಕೇರಳದ್ದು, ಚಿನ್ನಾರ್ ದಾಟಿದ್ರೆ ಮರಯೂರು, ಮೂನ್ನಾರು. ಕನ್ನಡ ನಾಡಿಗೆ ಹೋಗಬೇಕಂದ್ರೆ ಸತ್ಯಮಂಗಲ ದಾಟಿ, ದಿಂಬಂ ಘಾಟಿನ 27 ತಿರುವು ಹತ್ತಿ ಇಳೀಬೇಕು. ಆದ್ರೂ ದೇವಾಂಗರು, ಅನುಪ್ಪರು, ಒಕ್ಕಲಿಗರು ಅಂತ ಈ ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಆಡೋ ಮನೆಗಳು ತಲೆತಲಾಂತರದಿಂದ ಇವೆ. 1799ರಲ್ಲಿ ಟಿಪ್ಪು ಬೀಳೋವರೆಗೂ ಇದು ಮೈಸೂರಿನ ಸೀಮೆಯೇ. ಇನ್ನೊಂದು ವಿಷಯ ನಮ್ಮ ಹುಡುಗ್ರಿಗೆ ಗೊತ್ತಿಲ್ಲ: 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲೂಕು ಕೂಡ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅಂದ್ರೆ ಕೊಳ್ಳೇಗಾಲದವರೂ ಉಡುಮಲೈಯವರೂ ಒಂದೇ ಕಲೆಕ್ಟರ್ ಕೈಕೆಳಗೆ. ಒಂದು ರಾತ್ರಿಯಲ್ಲಿ ಅವರು ಮೈಸೂರು ರಾಜ್ಯದ ಕನ್ನಡಿಗರಾದ್ರು, ನಾವು ಮದ್ರಾಸಿನ ಭಾಷಾ ಅಲ್ಪಸಂಖ್ಯಾತರಾದ್ವಿ. ನಾವೇನು ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಇದ್ವಿ. 2009ರಲ್ಲಿ ಜಿಲ್ಲೆ ತಿರುಪ್ಪೂರು ಆಯ್ತು, ಆಗಲೂ ಇದ್ದಲ್ಲೇ.

ಎರಡನೇ ಸುತ್ತು ಬೇಗ ಮುಗಿಸ್ತೀನಿ, ನಕ್ಕರೆ ಹೋಯ್ತು. ಕನ್ನಡ ಸಿನಿಮಾ, ಕಾಮಿಡಿ ಶೋಗಳಲ್ಲಿ ತಮಿಳು ಎಳೆ ಇರೋ ಕನ್ನಡ ಮಾತಾಡೋ ಒಂದು ಪಾತ್ರ ಬಂದೇ ಬರುತ್ತೆ. ಬಾಯಿ ತೆಗೆದ್ರೆ ಸಾಕು, ಮುಂದಿನ ಸಾಲಿನ ಜಡ್ಜ್‌ಗಳು ಕುರ್ಚಿಯಿಂದ ಬೀಳೋ ಹಾಗೆ ನಗ್ತಾರೆ. ತಮಿಳಿನ ಕಡೆಯೂ ಕನ್ನಡ ಎಳೆಯ ತಮಿಳಿಗೆ ಅದೇ ನಗು. ನಾವೂ ನಗ್ತೀವಿ. ನಗೋದು ತಪ್ಪಲ್ಲ, ನಮ್ಮ ಅಜ್ಜಿಯರೇ ನಮ್ಮ ಮಾತನ್ನ ಎಷ್ಟು ಆಡಿಕೊಂಡಿಲ್ಲ! ಆದ್ರೆ ನಕ್ಕ ಮರುದಿನ ತಂಗಿ ಫೋನಲ್ಲಿ ಮನೆಗೆ ಕನ್ನಡದಲ್ಲಿ ಮಾತಾಡೋಕೆ ಹಾಸ್ಟೆಲ್ ರೂಮಿಂದ ಹೊರಗೆ ಹೋಗ್ತಾಳೆ ನೋಡಿ, ಆಗ ಗೊತ್ತಾಗುತ್ತೆ ‘ಪೋಚ್ಚು’ ಅಂದ್ರೆ ಏನು ಅಂತ.

ಮೂರನೇ ಸುತ್ತು, ತಪ್ಪು ಉತ್ತರದ ಸುತ್ತು. ನಾನು ಇಷ್ಟು ಉದ್ದ ಬರೆದಿದ್ದೇ ಇದಕ್ಕೆ, ಸ್ವಲ್ಪ ಗಮನ ಕೊಟ್ಟು ಓದಿ.

ನಾನು ಆರನೇ ಕ್ಲಾಸಿಗೆ ಹೊಸ ಶಾಲೆ ಸೇರಿದಾಗ ಅರ್ಜಿಯಲ್ಲಿ ‘ತಾಯ್‌ಮೊಳಿ’ ಅನ್ನೋ ಜಾಗ ಇತ್ತು. ಮೇಷ್ಟ್ರು ತಲೆ ಎತ್ತದೆ ಕೇಳಿದ್ರು. ನಾನು ಥಟ್ ಅಂತ ‘ತಮಿಳ್’ ಅಂದೆ. ಪಕ್ಕದಲ್ಲಿ ಅಮ್ಮ ನಿಂತಿದ್ರು. ಅವರೂ ಏನೂ ಹೇಳಲಿಲ್ಲ. ಅರ್ಜಿ ಮುಗಿಸಿ ಹೊರಗೆ ಬಂದು ಅಮ್ಮ ಕನ್ನಡದಲ್ಲಿ ಕೇಳಿದ್ರು, ‘ಹಸಿವಾಯ್ತೇನೋ?’ ನಾನು ಕನ್ನಡದಲ್ಲೇ ‘ಹೂಂ’ ಅಂದೆ. ಯಾರೂ ಬಲವಂತ ಮಾಡಿರಲಿಲ್ಲ. ಮಾತ್ತಿ ಯೋಸಿ ಸುತ್ತಿನಲ್ಲಿ ಆಡಿ ಆಡಿ ಅಭ್ಯಾಸ ಆದವನ ಹಾಗೆ ತಪ್ಪು ಉತ್ತರ ಬಾಯಿಗೆ ಮೊದಲು ಬಂತು, ಅಷ್ಟೇ.

ಈಗ ಅದೇ ಪ್ರಶ್ನೆ ಮನೆ ಬಾಗಿಲಿಗೆ ಬರುತ್ತೆ. 2021ರಲ್ಲಿ ಆಗಬೇಕಿದ್ದ ಜನಗಣತಿ ನಡೀಲಿಲ್ಲ, ಈಗ 2027ರ ಮಾರ್ಚ್ 1ನ್ನ ಲೆಕ್ಕದ ದಿನ ಅಂತ ಇಟ್ಕೊಂಡು ನಡೀತಾ ಇದೆ. ಮೊದಲ ಹಂತದಲ್ಲಿ ಮನೆಗಳ ಲೆಕ್ಕ, ಎರಡನೇ ಹಂತ ಜನರ ಲೆಕ್ಕ, ಅದು 2027ರ ಫೆಬ್ರವರಿಯಲ್ಲಿ. ತಾಯ್ನುಡಿ ಕೇಳೋದು ಜನರ ಲೆಕ್ಕದಲ್ಲಿ. ಬ್ರಿಟಿಷರ ಕಾಲದಿಂದಲೂ ಕೇಳ್ತಾ ಬಂದಿರೋ ಪ್ರಶ್ನೆ ಇದು.

ಆ ಪ್ರಶ್ನೆಯ ನಿಯಮ ತಿಳ್ಕೊಳ್ಳಿ. 2011ರ ಗಣತಿಯ ಕೈಪಿಡಿ ಪ್ರಕಾರ ತಾಯ್ನುಡಿ ಅಂದ್ರೆ ನೀವು ಮಗುವಾಗಿದ್ದಾಗ ನಿಮ್ಮ ತಾಯಿ ನಿಮ್ಮ ಜೊತೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ರೆ, ಆಗ ಮನೆಯಲ್ಲಿ ಮುಖ್ಯವಾಗಿ ಆಡ್ತಿದ್ದ ಭಾಷೆ. ಶಾಲೆಯಲ್ಲಿ ಓದಿದ್ದು ಅಲ್ಲ, ಬರೆಯೋಕೆ ಬರೋದು ಅಲ್ಲ, ರಾಜ್ಯದ ಭಾಷೆ ಅಲ್ಲ. ಕನ್ನಡ ಓದೋಕೆ ಬರಲ್ಲ, ಹಾಗಾಗಿ ಹೇಗೆ ಕನ್ನಡ ಅಂತ ಹೇಳೋದು ಅಂತ ನಮ್ಮೋರು ಕೇಳ್ತಾರೆ. ಅಕ್ಷರಕ್ಕೂ ಈ ಪ್ರಶ್ನೆಗೂ ಸಂಬಂಧ ಇಲ್ಲ. ನಾನೇ ಕನ್ನಡ ಅಕ್ಷರ ಕಲಿತಿದ್ದು ಬೆಂಗಳೂರಲ್ಲಿ, ಬಿಎಂಟಿಸಿ ಬಸ್ಸಿನ ಬೋರ್ಡು ನೋಡಿ ನೋಡಿ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ನನ್ನ ತಾಯ್ನುಡಿ ಕನ್ನಡವೇ ಆಗಿತ್ತು.

ಎರಡನೇದು, ಗಣತಿಯವರು ಮಂಡಲಿ ಅಲ್ಲ. ಅವರಿಗೆ ಪತ್ತೆ ಮಾಡೋ ಅಧಿಕಾರ ಇಲ್ಲ. ನಿಮ್ಮ ಜಾತಿ ನೋಡಿ, ಊರು ನೋಡಿ, ಧರ್ಮ ನೋಡಿ ಭಾಷೆ ಊಹಿಸೋ ಹಾಗಿಲ್ಲ. ನೀವು ಏನು ಹೇಳ್ತೀರೋ ಅದನ್ನೇ ಬರ್ಕೊಳ್ಳಬೇಕು, ವಾದ ಮಾಡೋ ಹಾಗಿಲ್ಲ ಅಂತ ಅವರ ಕೈಪಿಡಿಯೇ ಹೇಳುತ್ತೆ. ಈ ಸಲ ಮೊಬೈಲಲ್ಲಿ ನೀವೇ ತುಂಬೋ ಅವಕಾಶವೂ ಇದೆ.

ಮೂರನೇದು, ಬಹಳ ಮುಖ್ಯವಾದದ್ದು. ತಾಯ್ನುಡಿ ಕೇಳಿದ ಮೇಲೆ, ನಿಮಗೆ ಬರೋ ಬೇರೆ ಭಾಷೆಗಳು ಯಾವುವು ಅಂತ ಇನ್ನೊಂದು ಪ್ರಶ್ನೆ ಇರುತ್ತೆ, ಎರಡು ಭಾಷೆ ಹೇಳಬಹುದು. ತಮಿಳಿಗೆ ಅಲ್ಲಿ ಜಾಗ ಇದೆ. ‘ತಮಿಳುನಾಡಿನ ಅನ್ನ ತಿಂದು ಕನ್ನಡ ಅಂತ ಬರೆಸಿದ್ರೆ ಏನಂದ್ಕೊಳ್ತಾರೆ’ ಅನ್ನೋ ಹಿರಿಯರಿಗೆ ಇದನ್ನ ತೋರಿಸಿ. ಆ ಫಾರಂ ನಮ್ಮನ್ನ ಒಂದನ್ನ ಆರಿಸಿ ಇನ್ನೊಂದನ್ನ ಬಿಡು ಅಂತ ಕೇಳ್ತಾನೇ ಇಲ್ಲ. ನಾವಾಗೇ ಬಿಡ್ತಾ ಇದೀವಿ. ತಮಿಳು ನಮಗೆ ಓದು ಕೊಟ್ಟಿದೆ, ಗೆಳೆಯರನ್ನ ಕೊಟ್ಟಿದೆ, ನಗು ಕೊಟ್ಟಿದೆ (ಶಿವಕಾರ್ತಿಕೇಯನ್‌ಗೂ ಥ್ಯಾಂಕ್ಸ್). ಅದನ್ನ ಹೇಳೋ ಸಾಲು ಬೇರೆ ಇದೆ, ಅಮ್ಮನ ಸಾಲು ಬೇರೆ ಇದೆ.

ಇನ್ನೊಂದು ಎಚ್ಚರ. ಕೆಲವು ಮನೆಗಳಲ್ಲಿ ಭಾಷೆ ಏನು ಅಂದ್ರೆ ‘ನಮ್ಮ ಮಾತು’ ಅಂತಲೋ, ಜಾತಿ ಹೆಸರು ಹಿಡಿದು ‘ದೇವಾಂಗ ಭಾಷೆ’ ಅಂತಲೋ ಹೇಳೋ ರೂಢಿ ಇದೆ. ಪ್ರೀತಿಯಿಂದ ಹೇಳೋ ಹೆಸರೇ, ಆದ್ರೆ ಪಟ್ಟಿಯಲ್ಲಿ ಅದು ಚಿಲ್ಲರೆ ಲೆಕ್ಕಕ್ಕೆ ಹೋಗಿ ಬೀಳುತ್ತೆ. 10,000ಕ್ಕಿಂತ ಕಡಿಮೆ ಜನ ಹೇಳಿದ ತಾಯ್ನುಡಿಗಳನ್ನ ಹೆಸರಿಟ್ಟು ಪ್ರಕಟಿಸೋದೇ ಇಲ್ಲ. 2011ರಲ್ಲಿ ದೇಶದಲ್ಲಿ ಕನ್ನಡದ ಲೆಕ್ಕ 4 ಕೋಟಿ 37 ಲಕ್ಷ. ಅದರೊಳಗೆ ಬಡಗ ಅಂತ ಬರೆಸಿದ 1 ಲಕ್ಷ 33 ಸಾವಿರ ಜನ ಹೆಸರು ಸಮೇತ ಕಾಣ್ತಾರೆ, ನೀಲಗಿರಿಯವರು ಒಟ್ಟಾಗಿ ಒಂದೇ ಹೆಸರು ಹೇಳಿದ್ದಕ್ಕೆ. ನಮ್ಮೋರು ಹತ್ತು ಹೆಸರು ಹೇಳಿದ್ರೆ ಎಲ್ಲೂ ಕಾಣಲ್ಲ.

ಕಂಡ್ರೆ ಏನು ಲಾಭ ಅಂತ ಕೇಳಬಹುದು. ಸುಮ್ಮನೆ ಹೆಮ್ಮೆಗೆ ಅಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕು ಅನ್ನುತ್ತೆ. 1949ರಲ್ಲೇ ಶಿಕ್ಷಣ ಮಂತ್ರಿಗಳ ಸಭೆ ಒಪ್ಪಿದ ಲೆಕ್ಕ, ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ಕ್ಲಾಸಿನಲ್ಲಿ 10 ಮಕ್ಕಳು ಇದ್ರೆ ಆ ಭಾಷೆಯಲ್ಲಿ ಕಲಿಸೋ ಮೇಷ್ಟ್ರು ಬೇಕು ಅಂತ. ತಾಲೂಕಿನಲ್ಲೋ ಪುರಸಭೆಯಲ್ಲೋ ಶೇ. 15 ಜನ ಇದ್ರೆ ಮುಖ್ಯ ಸರ್ಕಾರಿ ನೋಟಿಸುಗಳು ಆ ಭಾಷೆಯಲ್ಲೂ ಬರಬೇಕು ಅನ್ನೋದು ಇನ್ನೊಂದು ಒಪ್ಪಂದ. ಇವೆಲ್ಲ ಎಲ್ಲಿಂದ ಎಣಿಸ್ತಾರೆ? ನಾವು ಹೇಳೋ ಉತ್ತರದಿಂದಲೇ. ತಮಿಳುನಾಡಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತ ಶಾಲೆಗಳು ಕೋರ್ಟಿಗೆ ಅಲೆದ್ವು, ಆಗಲೂ ಮೊದಲು ಬರೋ ಪ್ರಶ್ನೆ ನೀವು ಎಷ್ಟು ಜನ ಇದೀರಿ ಅಂತ. ತಾಳವಾಡಿ, ಹೊಸೂರು, ಕಾಸರಗೋಡು, ಅಕ್ಕಲಕೋಟೆ, ಜತ್ತ, ಆದವಾನಿಯಲ್ಲಿ ಇದನ್ನ ಓದ್ತಾ ಇರೋ ಗೆಳೆಯರೇ, ನಿಮ್ಮಲ್ಲಿ ಶಾಲೆ ಇದೆ, ಬೋರ್ಡು ಇದೆ, ಪೇಪರ್ ಬರುತ್ತೆ. ಉಡುಮಲೈಯಲ್ಲಿ ನಮಗೆ ಇರೋದು ಅಮ್ಮನ ಬಾಯಿ ಮಾತ್ರ. ಅದೂ ಫಾರಂನಲ್ಲಿ ತಮಿಳು ಆಗಿಬಿಟ್ರೆ ನಾವು ಲೆಕ್ಕಕ್ಕೇ ಇಲ್ಲ.

ಆದ್ರೆ ಒಂದು ಮಾತು ಬಿಚ್ಚಿ ಹೇಳಬೇಕು, ನಮ್ಮ ಸಂಘಟನೆಯವರಿಗೂ ಹಿಡಿಸದೇ ಇರಬಹುದು. ಸುಳ್ಳು ಬರೆಸಿ ಅಂತ ನಾನು ಹೇಳ್ತಿಲ್ಲ. ನಿಯಮ ಇನ್ನೊಂದ್ಸಲ ಓದಿ: ತಾಯಿ ಮಗುವಿನ ಜೊತೆ ಆಡಿದ ಭಾಷೆ. ನಮ್ಮ ಬೀದಿಯಲ್ಲೇ ಈಗ ಮೂರು ವರ್ಷದ ಮಕ್ಕಳಿರೋ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕನ್ನಡದ ಮನೆಯವರು, ತಮ್ಮ ತಮ್ಮಲ್ಲಿ ಕನ್ನಡ ಆಡ್ತಾರೆ, ಮಗು ಕಡೆ ತಿರುಗಿದ ತಕ್ಷಣ ತಮಿಳು, ಇಲ್ಲಾ ಇಂಗ್ಲಿಷು. ಎಲ್‌ಕೆಜಿ ಇಂಟರ್‌ವ್ಯೂ ಇದೆಯಂತೆ. ಆ ಮಗುವಿನ ಸಾಲಿನಲ್ಲಿ ಪ್ರಾಮಾಣಿಕವಾಗಿ ಏನು ಬರೆಸಬೇಕು? ಕನ್ನಡ ಅಂತ ಬರೆಸಿದ್ರೆ ಆಗ ನಾವೇ ಡೂಪು. ನನ್ನ ಸಾಲು ನಾನು ತಿದ್ಕೊಳ್ಳಬಹುದು, ಆರನೇ ಕ್ಲಾಸಿನ ತಪ್ಪಿಗೆ ಇನ್ನೊಂದು ಚಾನ್ಸ್ ಇದೆ. ಆ ಮಗುವಿನ ಸಾಲನ್ನ ಬರೀತಾ ಇರೋದು ಇವತ್ತು ಅಡುಗೆಮನೆಯಲ್ಲಿ ಆಡ್ತಾ ಇರೋ ಮಾತು.

ಕಳೆದ ಸಲ ಚೌಡೇಶ್ವರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ, ವೀರಕುಮಾರರ ಅಲಗು ಸೇವೆ ಮುಗಿದು ಎಲ್ಲರೂ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಮಧ್ಯಾಹ್ನ ನಾವು ಒಂದು ಆಟ ಕಟ್ಟಿದ್ವಿ. ಬಿಬಿಸಿಯಲ್ಲಿ 1965ರಿಂದ ‘ಕಾಲ್ ಮೈ ಬ್ಲಫ್’ ಅಂತ ಒಂದು ಪ್ಯಾನೆಲ್ ಆಟ ಬರ್ತಿತ್ತು. ಯಾರಿಗೂ ಗೊತ್ತಿಲ್ಲದ ಒಂದು ಪದಕ್ಕೆ ಮೂವರು ಮೂರು ಅರ್ಥ ಹೇಳ್ತಾರೆ, ಒಂದೇ ನಿಜ, ಎದುರಿನ ತಂಡ ಪತ್ತೆ ಮಾಡಬೇಕು. ಅದನ್ನೇ ‘ಗ್ರೂಪ್‌ಲ ಡೂಪ್’ ಜೊತೆ ಸೇರಿಸಿದ್ವಿ. ಪದಗಳು ಅಜ್ಜಿಯದ್ದು, ಮಗ್ಗದ್ದು, ಅಡುಗೆದು. ಸೆಲೆಬ್ರಿಟಿ ಮಂಡಲಿ ಬೆಂಗಳೂರಿಂದ ಬಂದಿದ್ದ ದೊಡ್ಡಪ್ಪನ ಮಕ್ಕಳು, ಐಟಿಯವರು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಸೋಫಾ ಮೇಲೆ ಕೂತ್ರು. ಖರ್ಚು ಸೊನ್ನೆ. ಮೊಬೈಲನ್ನ ಸೊಂಬಿಗೆ ಒರಗಿಸಿ ರೆಕಾರ್ಡಿಗೆ ಇಟ್ವಿ.

ಮೊದಲ ಪದ ‘ಹೊಕ್ಕು’. ತಂಗಿ ಎದ್ದು ‘ಹೊಕ್ಕು ಅಂದ್ರೆ ಮಗ್ಗದ ಗುಂಡಿಗೆ ಇಳಿಯೋ ಮೆಟ್ಟಿಲು’ ಅಂದ್ಲು, ಎಷ್ಟು ಗಟ್ಟಿಯಾಗಿ ಅಂದ್ರೆ ನನಗೇ ಅನುಮಾನ ಬಂತು. ಚಿಕ್ಕಪ್ಪ ‘ಸೀರೆ ಸೆರಗಿನ ಕುಚ್ಚು’ ಅಂದ್ರು. ಅಜ್ಜಿ ಮಾತ್ರ ‘ಅದೇ... ಲಾಳೀಲಿ ಇರತ್ತಲ್ಲಾ... ಅಡ್ಡ...’ ಅಂತ ತಡವರಿಸಿದ್ರು. ಐಟಿ ಮಂಡಲಿ ಒಟ್ಟಾಗಿ ತಂಗಿಗೆ ಓಟು ಹಾಕ್ತು. ನಾನು ನಿರೂಪಕ, ಕೈಯಲ್ಲಿ ಸೌಟು ಮೈಕು. ‘ನಿಜವಾದ ಉತ್ತರ ಹೇಳಿದವರು ದಯವಿಟ್ಟು ಎದ್ದು ನಿಲ್ಲಿ’ ಅಂದೆ. ಮಂಡಲಿ ತಂಗಿ ಕಡೆಗೇ ನೋಡ್ತಾ ಇತ್ತು.

ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿ, ‘ಮಂಡಿ ನೋವು ಕಣೋ, ಎದ್ದು ನಿಲ್ಲೋಕೆ ಆಗಲ್ಲ, ಕೂತ್ಕೊಂಡೇ ಹೇಳ್ತೀನಿ’ ಅಂತ ಲಾಳಿ ತರಿಸ್ಕೊಂಡ್ರು. ಆಮೇಲೆ ಹದಿನೇಳು ನಿಮಿಷ ಬಿಡಲಿಲ್ಲ. ರೆಕಾರ್ಡಿಂಗ್ ಇದೆ. ಮಧ್ಯದಲ್ಲಿ ಎರಡು ಸಲ ಕುಕ್ಕರ್ ಕೂಗಿದೆ, ಅದೊಂದು ಬಿಟ್ರೆ ಎಲ್ಲ ಸರಿಯಾಗಿ ಕೇಳುತ್ತೆ.